ಕರಿ ಮೀನಿನ ಬಾಲ ಮತ್ತು ನನ್ನ ದೋಷ

ತಾರ್ನಾಕದ ನಮ್ಮ ಮನೆಯ ಪಡಸಾಲೆಯಲ್ಲಿ, ಈಶಾನ್ಯ ಮೂಲೆಯ ಗಾಜಿನ ತೊಟ್ಟಿಯಲ್ಲಿ, ಒಂದು ಕಪ್ಪು ಫೈಟರ್ ಮೀನು ಇತ್ತು. ಅಂದಕ್ಕೆಂದು ಇಟ್ಟದ್ದಲ್ಲ. ಮನೆಗೆ ಬರುವ ಪೀಡೆಯನ್ನೆಲ್ಲ ಕಪ್ಪು ಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಅದು ಸತ್ತರೆ ಪೀಡೆ ತೊಲಗಿತು ಎಂದುಕೊಂಡು ಇನ್ನೊಂದನ್ನು ತರಬೇಕು ಎಂದು ವಾಸ್ತು ನೋಡುವವರು ಅಪ್ಪನಿಗೆ ಹೇಳಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಂಥ ವಾದ ಹೂಡಿದ್ದರೆ ನಾನು ಎದ್ದು ನಿಂತರೆ ಸಾಕಿತ್ತು. ಮನೆಯಲ್ಲಿ ಎದುರಾಳಿಯೂ ತೀರ್ಪುಗಾರರೂ ಒಬ್ಬರೇ: ನಮ್ಮ ಜೊತೆಗಿರುವ ಸೋದರತ್ತೆ.

ಕೂಕಟ್‌ಪಲ್ಲಿಯಿಂದ ಒಬ್ಬ ಹುಡುಗನ ಮನೆಯವರು ನನ್ನನ್ನು ನೋಡಿಕೊಂಡು ಹೋದರು. ಅವರಿಗೆ ಒಪ್ಪಿಗೆ. ನಾನು ಒಲ್ಲೆ ಎಂದೆ. ಆ ಒಲ್ಲೆ ನನ್ನ ಮಾತಾಗಿ ಯಾರ ಕಿವಿಗೂ ಬೀಳಲಿಲ್ಲ, ನನ್ನ ದೋಷವಾಗಿ ಬಿತ್ತು.

“ಒಂದು ಮೀನಿನ ಕೈಲೆ ಆಗಂಗಿಲ್ಲ ಇಕಿ ದೋಷ” ಎಂದು ಅತ್ತೆ ಇನ್ನೊಂದು ಕಪ್ಪು ಫೈಟರ್ ತಂದು ಅದೇ ತೊಟ್ಟಿಗೆ ಬಿಟ್ಟರು. ಎರಡೂ ಗಂಡು; ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕಚ್ಚಾಡಿ ಸಾಯುವ ಜಾತಿ. ಫೈಟರ್ ಎಂಬ ಹೆಸರನ್ನು ಅವರು ಬಿರುದು ಎಂದುಕೊಂಡಿದ್ದರೇನೋ.

ಸಂಜೆ ನಾನು ಕ್ಯಾಂಪಸ್ಸಿನಿಂದ ಬರುವಷ್ಟರಲ್ಲಿ ಹಳೆಯ ಮೀನಿನ ಬಾಲ ಹಳೇ ಬಟ್ಟೆಯ ಚಿಂದಿಯಾಗಿತ್ತು. ಅದು ತೊಟ್ಟಿಯ ತಳಕ್ಕೆ ಒರಗಿತ್ತು. ಅದನ್ನು ಹೊರತೆಗೆಯಲು ನಾನು ಲೋಟ ಎತ್ತಿಕೊಂಡೆ.

“ಮುಟ್ಟಬ್ಯಾಡ. ನಿನ್ನ ದೋಷ ಎಳಕೊಳ್ಳಾಕತ್ತೈತಿ” ಎಂದರು ಅತ್ತೆ.

“ಎಳಕೊಳ್ಳಾಕತ್ತಿಲ್ಲರಿ ಅತ್ಯಾ, ಕಡಸ್ಕೊಳ್ಳಾಕತ್ತೈತಿ.”

“ವಕೀಲಿ ಮಾಡಬ್ಯಾಡ. ಅದು ಹೋತಂದ್ರ ದಾರಿ ಸಾಫ್. ಕೂಕಟ್‌ಪಲ್ಲಿಯವರಿಗೆ ಫೋನ್ ಹಚ್ಚತೀನಿ.”

ಹಾಗಾದರೆ ಅದು ಸಾಯಕೂಡದು. ಅಷ್ಟೇ.

ಗಾಯದ ಮೀನನ್ನು ತೊಟ್ಟಿಯ ನೀರಿನ ಸಮೇತ ಒಂದು ದೊಡ್ಡ ಉಪ್ಪಿನಕಾಯಿ ಜಾಡಿಗೆ ವರ್ಗಾಯಿಸಿ ನನ್ನ ಕೋಣೆಗೆ ಒಯ್ದೆ. ನಲ್ಲಿ ನೀರನ್ನು ನೇರ ಹಾಕುವಂತಿಲ್ಲ; ಅದರ ಕ್ಲೋರಿನ್ ಹರಿದ ಬಾಲವನ್ನು ಇನ್ನಷ್ಟು ಸುಡುತ್ತದೆ. ಬಕೆಟ್ಟಿನಲ್ಲಿ ತುಂಬಿಟ್ಟು ಮರುದಿನ ಬಳಸಿದೆ. ಬೇರೆ ಪಾತ್ರೆಯಲ್ಲಿ ಕರಗಿಸಿದ ಚಿಟಿಕೆ ಕಲ್ಲುಪ್ಪು, ದಿನವೂ ಒಂದಿಷ್ಟು ನೀರು ತೆಗೆದು ಹೊಸ ನೀರು, ತಿನ್ನಲು ಹಾಕುವ ಕಾಳು ಕಡಿಮೆ. ಬಾಲದ ಅಂಚಿಗೆ ಬಿಳಿ ಬೂಷ್ಟು ಹತ್ತಿದೆಯೋ ಎಂದು ಟಾರ್ಚು ಹಿಡಿದು ನೋಡುವುದು. ಹೊಸ ಮೀನು ಪಡಸಾಲೆಯ ತೊಟ್ಟಿಯಲ್ಲಿ ಒಂಟಿಯಾಗಿ ಮೆರೆಯುತ್ತಿತ್ತು.

ಒಂದು ಬೆಳಿಗ್ಗೆ ಜಾಡಿಯ ನೀರು ಹಳದಿ. ಇದು ಅತ್ತೆಯದೇ ಕೆಲಸ ಎಂದು ಕೂಗಾಡುತ್ತ ಹೊರಬಂದರೆ, ಅಡುಗೆಮನೆಯಿಂದ ಅವ್ವ: “ನಾನಽ ಹಾಕೀನಿ. ಚಿಟಿಕಿ ಅರಿಶಿಣ. ಗಾಯ ಐತಲ್ಲ ಅದಕ?”

“ಅದು ನೀರೊಳಗ ಉಸಿರಾಡ್ತೈತಿ ಅವ್ವಾ! ನಿನ್ನ ಮೂಗಿನಾಗ ಅರಿಶಿಣ ತುಂಬಿದ್ರ?”

ಅವ್ವ ಸೆರಗು ಬಿಗಿದು ತಾನೇ ಬಕೆಟ್ಟು ಎತ್ತಿಕೊಟ್ಟಳು. ಆ ಮನೆಯಲ್ಲಿ ಮೀನು ಬದುಕಲಿ ಎಂದು ನನ್ನ ಹೊರತು ಇನ್ನೊಬ್ಬರು ಬಯಸುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗಲೇ.

ಬರುಬರುತ್ತ ಚಿಂದಿಯ ತುದಿಯಲ್ಲಿ ಬಣ್ಣವೇ ಇಲ್ಲದ ತೆಳು ಪೊರೆ ಚಿಗುರಿತು. ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ಮೀನು ಮೇಲಕ್ಕೆ ಬಂದು ಕಾಳಿಗೆ ಬಾಯಿ ಹಾಕಿತು. ಕನ್ನಡಿ ತೋರಿಸಿದರೆ ಕಿವಿರು ಉಬ್ಬಿಸಿ ಜಗಳಕ್ಕೆ ನಿಂತಿತು! ಜಾಡಿಯನ್ನು ತಂದು ಅತ್ತೆಯ ಎದುರಿಗಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. “ಅಯ್ಯ, ಉಳೀತಲ್ಲ! ಅಂದ್ರ ದೋಷ ಇರಲೇ ಇಲ್ಲ ನೋಡು. ತಡಿ, ಫೋನ್ ಹಚ್ಚತೀನಿ.”

ಸತ್ತರೂ ಫೋನು, ಉಳಿದರೂ ಫೋನು. ಮೀನು ಉಳಿದರೆ ನಾನು ಗೆದ್ದಂತೆ ಎಂದುಕೊಂಡಾಗಲೇ ಅತ್ತೆಯ ವಾದದ ಅಂಗಳಕ್ಕೆ ಇಳಿದಿದ್ದೆ. ನನ್ನ ಮದುವೆಯ ವಾದ ಮೀನಿನ ಬಾಲದ ಮೇಲೆ ಯಾಕೆ ನಿಲ್ಲಬೇಕು? ಅದು ಬದುಕಬೇಕಾದದ್ದು ಅದಕ್ಕೆ ನೋವಾಗಿತ್ತು ಎಂಬ ಕಾರಣಕ್ಕೆ. ನಾನು ಒಲ್ಲೆ ಎಂದದ್ದು ನಾನು ಒಲ್ಲೆ ಎಂಬ ಕಾರಣಕ್ಕೆ.

ಅತ್ತ ಹುಡುಗನ ತಾಯಿ ಹಲೋ ಅನ್ನುವಷ್ಟರಲ್ಲಿ ಅತ್ತೆಯ ಕೈಯಿಂದ ಫೋನು ತೆಗೆದುಕೊಂಡೆ.

“ನಮಸ್ಕಾರರಿ. ನನಗ ಯಾವ ದೋಷನೂ ಇಲ್ಲರಿ. ನಾನಽ ಒಲ್ಲೆ ಅಂದೀನಿ, ಇನ್ನೂ ಒಲ್ಲೆ. ಮೀನಿಗೂ ಇದಕ್ಕೂ ಸಂಬಂಧ ಇಲ್ಲ.”

ಅತ್ತಲಿಂದ ಹುಡುಗನ ತಾಯಿ, “ಯಾವ ಮೀನವ್ವಾ?”

ಅತ್ತೆ ಫೋನಿಗೆ ಕೈ ಚಾಚಿದರು. ನಾನು ಬೆನ್ನು ತಿರುಗಿಸಿ ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಎಲ್ಲವನ್ನೂ ಹೇಳಿದೆ.