ಅರಳೆ ಅಂಟದ ಪಾದಗಳು

ಬೆಳಗಿನ ಆರೂಮುಕ್ಕಾಲು. ಇಚಲಕರಂಜಿ ಬಳಿಯ ಯಡ್ರಾವದ ಪವರ್‌ಲೂಮ್ ಶೆಡ್ಡೊಂದರಲ್ಲಿ ರಾತ್ರಿ ಪಾಳಿ ಮುಗಿಯಲು ಇನ್ನು ಕಾಲು ಗಂಟೆ ಇದೆ. ಬಾಗಿಲ ಪಕ್ಕ ಹಾಸಿದ ಗೋಣಿಚೀಲದ ಮೇಲೆ ಸುಶೀಲಾಬಾಯಿ ಕುಳಿತಿದ್ದಾರೆ. ವಯಸ್ಸು ಐವತ್ತೆಂಟು. ಮಗ್ಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸದ ಜಾಗ ಅದು. ಅವರು ಯಾರ ಮುಖವನ್ನೂ ನೋಡುತ್ತಿಲ್ಲ. ಒಳಗೆ ಓಡಾಡುವವರ ಪಾದಗಳನ್ನು ನೋಡುತ್ತಿದ್ದಾರೆ.

ಹೊರಗೆ ಜನವರಿಯ ಚಳಿ, ಒಳಗೆ ಕುದಿಯುವ ಸೆಖೆ. ಬರಿಗಾಲಲ್ಲಿ ಹನ್ನೆರಡು ತಾಸು ನಿಂತವರ ಪಾದ ಬೆವತು, ಹಾರಾಡುವ ಅರಳೆಯೆಲ್ಲ ಅದಕ್ಕೆ ಮೆತ್ತಿಕೊಂಡಿದೆ. ಎಲ್ಲರೂ ಬಿಳಿ ಕಾಲುಚೀಲ ಹಾಕಿಕೊಂಡಂತೆ ಕಾಣುತ್ತಾರೆ. ಏಳಕ್ಕೆ ಮಗ್ಗಗಳು ನಿಂತವು. ಹನ್ನೊಂದು ಜನ ದಾಟಿಹೋದರು. ಹನ್ನೆರಡನೆಯವರ ಕಾಲು ಸ್ವಚ್ಛವಾಗಿದೆ. ಒಂದೆಳೆ ಹತ್ತಿಯೂ ಅಂಟಿಲ್ಲ. ಚರ್ಮ ಬೂದು ಬಳಿದ ಹಾಗೆ ಒಣಗಿ, ಹಿಮ್ಮಡಿ ಬಿರುಕು ಬಿಟ್ಟಿದೆ.

“ಸಿದ್ದಣ್ಣಾ, ಕೂಡು ಸ್ವಲ್ಪ.”

ಸಿದ್ಧಲಿಂಗ ಮಗ್ಗ ರಿಪೇರಿ ಮಾಡುವ ಜಾಬರ್. ವಯಸ್ಸು ನಲವತ್ತನಾಲ್ಕು. “ನನಗೇನೂ ಆಗಿಲ್ರಿ ಮಾವಶಿ, ಥಂಡಿಗೆ ಒಡದೈತಿ ಅಷ್ಟ,” ಎನ್ನುತ್ತಲೇ ಕುಳಿತರು. ಶೆಡ್ಡಿನವರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆದ ಸುಶೀಲಾಬಾಯಿ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದಿಂದ ಹಿಡಿಕೆಯಿರುವ ಒಂದು ಸಣ್ಣ ನೈಲಾನ್ ಎಳೆಯನ್ನು ತೆಗೆದರು. ಡಾಕ್ಟರು ಕೊಟ್ಟದ್ದು. ಅದರ ತುದಿಯನ್ನು ಅಂಗಾಲಿಗೆ ಒತ್ತಿದರೆ ಎಳೆ ಬಾಗುತ್ತದೆ, ಒತ್ತಿದ್ದು ತಿಳಿಯಬೇಕು.

“ಕಣ್ಣ ಮುಚ್ಚು. ಹತ್ತಿದ ಕೂಡ್ಲೆ ಹೂಂ ಅನ್ನು.”

ಹೆಬ್ಬೆರಳ ಕೆಳಗೆ ಒತ್ತಿದರು. ಕಿರುಬೆರಳ ಕೆಳಗೆ ಒತ್ತಿದರು. ಬೇರೆ ಎರಡು ಕಡೆಯೂ ಒತ್ತಿದರು.

“ಹಚ್ಚರಿ ಮಾವಶಿ, ಯಾಕ ತಡಾ?” ಅಂದರು ಸಿದ್ಧಲಿಂಗ, ಕಣ್ಣು ಮುಚ್ಚಿಕೊಂಡೇ.

ಸುಶೀಲಾಬಾಯಿ ಎಳೆಯನ್ನು ಚೀಲಕ್ಕೆ ಹಾಕಿ, ಮೊಬೈಲು ತೆಗೆದು ಡಾಕ್ಟರಿಗೆ ಫೋನು ಮಾಡಿದರು.

ಪಕ್ಕದ ಊರು ಕೊರೋಚಿಯ ಈ ಹೆಣ್ಣುಮಗಳು ಆರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ. ವಾರದಲ್ಲಿ ಆರು ದಿನ, ದಿನಕ್ಕೊಂದು ಶೆಡ್ಡು. ಒಂದು ಮುಂಜಾವಿಗೆ ಮೂವತ್ತು ನಲವತ್ತು ಜನರ ಕಾಲು ನೋಡುತ್ತಾರೆ. ಒಂಬತ್ತಕ್ಕೆ ಇಚಲಕರಂಜಿಯ ಡಾಕ್ಟರ್ ರುತುಜಾ ಅವರ ಚಿಕಿತ್ಸಾಲಯದಲ್ಲಿ ಗಾಯಗಳಿಗೆ ಪಟ್ಟಿ ಕಟ್ಟಲು ಹಾಜರಿರಬೇಕು. ಓದಿದ್ದು ನಾಲ್ಕನೇ ಇಯತ್ತೆ, ಗಡಹಿಂಗ್ಲಜದ ತವರಿನಲ್ಲಿ. ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿದವರು.

ಗಂಡ ಭೀಮಗೊಂಡ ಮಗ್ಗ ನಡೆಸುತ್ತಿದ್ದರು. ಹಿಮ್ಮಡಿ ಒಡೆಯಿತು. ಸಿಮೆಂಟಿನ ನೆಲದ ಮೇಲೆ ನಿಲ್ಲುವವರಿಗೆ ಒಡೆಯದೆ ಇರುತ್ತದೆಯೇ ಎಂದುಕೊಂಡರು. ಸುಡುಸುಡು ನೀರಲ್ಲಿ ಕಾಲಿಟ್ಟು ಕಲ್ಲಿನಿಂದ ಉಜ್ಜಿದರು. ಬಿರುಕಿಗೆ ಮೇಣದಬತ್ತಿ ಕರಗಿಸಿ ತುಂಬಿದರು. ಒಂದು ಮುಂಜಾನೆ ಅಡಿಗೆಮನೆಯಿಂದ ಬಾಗಿಲವರೆಗೆ ನೆಲದ ಮೇಲೆ ಕೆಂಪು ಕಲೆಗಳು.

“ಯಾರಿಗೆ ರಕ್ತ ಬಂದೈತಿ ಅಂತ ಅವರ ನನ್ನ ಕೇಳಿದ್ರು,” ಎನ್ನುತ್ತಾರೆ ಸುಶೀಲಾಬಾಯಿ. “ಅವರ ಕಾಲಂದ ಇತ್ತು. ಅವರಿಗೆ ಗೊತ್ತ ಇರಲಿಲ್ಲ.”

ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದೇ ಆಗ. ಹದಿನೆಂಟು ದಿನಗಳ ನಂತರ ಕೋಲ್ಹಾಪುರದಲ್ಲಿ ಎಡಗಾಲನ್ನು ಮೊಳಕಾಲ ಕೆಳಗೆ ತೆಗೆದರು. ಹನ್ನೊಂದು ವರ್ಷದ ಹಿಂದಿನ ಮಾತು.

ಆಪರೇಷನ್ ಆದ ಮೇಲೆ ಪಟ್ಟಿ ಬದಲಿಸಿಕೊಳ್ಳಲು ಗಂಡಹೆಂಡತಿ ಇಚಲಕರಂಜಿಯಲ್ಲಿ ರುತುಜಾ ಅವರ ಬಳಿ ಹೋಗುತ್ತಿದ್ದರು. ಅಲ್ಲಿ ಸುಶೀಲಾಬಾಯಿ ಒಂದು ಪ್ರಶ್ನೆ ಹಿಡಿದು ಕುಳಿತರು. “ಸಕ್ಕರಿ ರಕ್ತದಾಗ ಅಂತೀರಿ. ಮತ್ತ ಹಿಮ್ಮಡಿ ಯಾಕ ಒಣಗಿ ಒಡೀತು?”

ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು ಹೇಳಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ದೇಹ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗಿ ಚರ್ಮ ಒಣಗುತ್ತದೆ. ಹೀಗೆಯೇ ವರ್ಷಗಳು ಕಳೆದರೆ ಕಾಲಿನ ನರಗಳು ಸೊರಗುತ್ತವೆ. “ಬೆವರು ಬಿಡು ಅಂತ ಚರ್ಮಕ್ಕ ಹೇಳೂದು ನರಾನ, ಸುಶೀಲಾಬಾಯಿ. ವಾಯರ ಸುಟ್ಟ ಮ್ಯಾಲೆ ಮಗ್ಗ ನಿಂತಂಗ, ಬೆವರು ನಿಂತ ಹೋಗ್ತದ. ಬೆವರಿಲ್ಲದ ಕಾಲು ಒಣಗಿ ಒಡೀತದ. ನೋವು ತಿಳಿಸೂದೂ ನರಾನ, ಅದೂ ಹೋಗಿರ್ತದ. ರಕ್ತ ಸರಿಯಾಗಿ ಹರಿಯದಿದ್ರ ಗಾಯ ಮಾಯೂದಿಲ್ಲ.”

ಆ ದಿನ ಮನೆಗೆ ಬಂದು ಸುಶೀಲಾಬಾಯಿ ಊಟ ಮಾಡಲಿಲ್ಲ. ದಿನವೂ ಪಾಳಿ ಮುಗಿಸಿ ಬಂದ ಗಂಡನ ಕಾಲಿಗೆ ಮೆತ್ತಿದ ಅರಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದವರು ಅವರೇ. ಕೊನೆಯ ಎರಡು ವರ್ಷ ಒರೆಸುವ ಕೆಲಸವೇ ಇರಲಿಲ್ಲ. “ಕಾಲು ಸ್ವಚ್ಛ ಇರ್ತಿದ್ದೂರಿ. ಒಂದು ಕೆಲಸಾ ಕಮ್ಮಿ ಆತಂತ ನಾ ಖುಷಿ ಪಟ್ಟಿದ್ದೆ.” ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತದೆ.

ರುತುಜಾ ಸುಶೀಲಾಬಾಯಿಯನ್ನು ಪಟ್ಟಿ ಕಟ್ಟುವ ಕೆಲಸಕ್ಕೆ ಇಟ್ಟುಕೊಂಡರು. ಐದು ವರ್ಷ ಕೈ ಪಳಗಿದ ಮೇಲೆ ಸುಶೀಲಾಬಾಯಿ ಈ ಅರಳೆಯ ಮಾತು ತೆಗೆದರು. ಡಾಕ್ಟರು ಮೊದಲು ನಂಬಲಿಲ್ಲ. ಇಬ್ಬರೂ ಕೂಡಿ ಕೊರೋಚಿಯ ಒಂದು ಶೆಡ್ಡಿಗೆ ಹೋದರು. ಅರಳೆ ಅಂಟದ ಏಳು ಜನರನ್ನು ಸುಶೀಲಾಬಾಯಿ ಆರಿಸಿ ಕೂರಿಸಿದರು. ರಕ್ತ ನೋಡಿದರೆ ಐವರಿಗೆ ಸಕ್ಕರೆ. ಅದರಲ್ಲಿ ಮೂವರಿಗೆ ತಮಗೆ ಅದು ಇದೆಯೆಂದೇ ಗೊತ್ತಿರಲಿಲ್ಲ.

“ಇದು ಪರೀಕ್ಷೆಯಲ್ಲ, ಸುಳಿವು ಅಷ್ಟೆ. ರಕ್ತ ನೋಡದೆ ನಾನು ಏನೂ ಹೇಳುವುದಿಲ್ಲ,” ಎನ್ನುತ್ತಾರೆ ರುತುಜಾ. “ಆದರೆ ಇಷ್ಟು ವರ್ಷ ಓದಿದ ನನ್ನ ಕಣ್ಣಿಗೆ ಅದು ಬೀಳಲಿಲ್ಲ ನೋಡಿ,” ಎಂದು ಸೇರಿಸುತ್ತಾರೆ.

ಶೆಡ್ಡುಗಳಲ್ಲಿ ಮೊದಮೊದಲು ಕಾಲು ಕೊಡುವವರೇ ಇರಲಿಲ್ಲ. ತಾಯಿಯ ವಯಸ್ಸಿನವರು ಕಾಲು ಮುಟ್ಟಿದರೆ ಪಾಪ ಎಂದು ಗಂಡಸರು ಹಿಂದೆ ಸರಿಯುತ್ತಿದ್ದರು. ಕೆಲಸ ಕೆಡುತ್ತದೆ ಎಂದು ಯಡ್ರಾವದ ಮಾಲೀಕ ಅಭಯ ಬಾಗಿಲಲ್ಲೇ ತಡೆದಿದ್ದರು. “ನಮಸ್ಕಾರ ಮಾಡಾಕತ್ತಿಲ್ಲೋ ಯಪ್ಪಾ, ನೋಡಾಕತ್ತೇನಿ ಅಂತಿದ್ದೆ. ಅಭಯ ಸಾಹೇಬರಿಗೆ ಅವರ ಕಾಲ ಮೊದಲ ತೋರಸ್ರಿ ಅಂದೆ. ತೋರಿಸಿದ್ರು. ಅವರಿಗೂ ಸಕ್ಕರಿ ಇತ್ತು.” ಈಗ ಬಾಗಿಲಿಗೆ ಗೋಣಿಚೀಲ ಹಾಸಿ ಇಡುವವರು ಅವರೇ.

ಸುಶೀಲಾಬಾಯಿಯ ಉಪದೇಶ ಚಿಕ್ಕದು. ಬಿಸಿ ನೀರು ಬೇಡ, ಉಗುರುಬೆಚ್ಚಗಿರಲಿ. ಕಲ್ಲು, ಬ್ಲೇಡು, ಮೇಣ ಯಾವುದೂ ಕಾಲಿನ ಹತ್ತಿರ ಬರಬಾರದು. ಒರೆಸಿಕೊಂಡು ಡಾಕ್ಟರು ಹೇಳಿದ ಮುಲಾಮು ಹಚ್ಚಬೇಕು. ಬೆರಳುಗಳ ಸಂದಿಗೆ ಹಚ್ಚಬಾರದು, ಅಲ್ಲಿ ಪಸೆ ನಿಂತರೆ ಹುಣ್ಣಾಗುತ್ತದೆ. ಬರಿಗಾಲಲ್ಲಿ ನಡೆಯಬಾರದು. ಎಲ್ಲಕ್ಕಿಂತ ಮೊದಲು ರಕ್ತದ ಸಕ್ಕರೆ ಹತೋಟಿಗೆ ಬರಬೇಕು.

ಆ ಮುಂಜಾನೆ ಸಿದ್ಧಲಿಂಗ ಮನೆಗೆ ಹೋಗಿ ಮಲಗುತ್ತೇನೆಂದು ಹಟ ಹಿಡಿದರು. ನಾಳೆ ಬರುತ್ತೇನೆ ಎಂದರು. ಸುಶೀಲಾಬಾಯಿ ಅವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ರಿಕ್ಷಾ ಹತ್ತಿ ಕುಳಿತರು. ಚಪ್ಪಲಿಯ ಹಿಂದೆ ಸಿದ್ಧಲಿಂಗರೂ ಹತ್ತಬೇಕಾಯಿತು. ರಕ್ತದ ಸಕ್ಕರೆ ನಾನೂರರ ಹತ್ತಿರ ಇತ್ತು. ರುತುಜಾ ಹಿಮ್ಮಡಿಯ ಬಿರುಕನ್ನು ತೊಳೆದು ಬಿಡಿಸಿದಾಗ ಒಳಗೆ ಅರ್ಧ ಬೆರಳುದ್ದದ ಉಕ್ಕಿನ ತಂತಿ ಸಿಕ್ಕಿತು. ಮಗ್ಗದ್ದು. ಸುತ್ತಲೂ ಕೀವು ಆಗಲೇ ಕಟ್ಟಿತ್ತು, ಎಲುಬಿಗೆ ಇನ್ನೂ ತಲುಪಿರಲಿಲ್ಲ.

“ಯಾವಾಗ ಹೊಕ್ಕಿತ್ತೋ ನನಗ ಗೊತ್ತಿಲ್ರಿ,” ಎನ್ನುತ್ತಾರೆ ಸಿದ್ಧಲಿಂಗ. “ಅದರ ಮ್ಯಾಲೆ ನಾ ವಾರಗಟ್ಲೆ ನಡದಾಡೇನಿ.”

ಏಳು ವಾರ ಆ ಕಾಲನ್ನು ನೆಲಕ್ಕೆ ಊರಬಾರದೆಂದು ಡಾಕ್ಟರು ಹೇಳಿದರು. ಎರಡು ದಿನಕ್ಕೊಮ್ಮೆ ಸುಶೀಲಾಬಾಯಿಯೇ ಮನೆಗೆ ಹೋಗಿ ಪಟ್ಟಿ ಬದಲಿಸಿದರು. ಗಾಯ ಬುಡದಿಂದ ಮಾಯುತ್ತ ಬಂತು. ಮಾರ್ಚ್ ಕೊನೆಯಲ್ಲಿ ಸಿದ್ಧಲಿಂಗ ಮೆತ್ತನೆಯ ಬೂಟು ಹಾಕಿಕೊಂಡು, ತಮ್ಮ ಎರಡೂ ಕಾಲಿನ ಮೇಲೆ ನಡೆದು ಕೆಲಸಕ್ಕೆ ಮರಳಿದರು. ಆರು ವರ್ಷಗಳಲ್ಲಿ ಹೀಗೆ ಕೊಯ್ಯುವ ಹಂತಕ್ಕೆ ಹೋಗದೆ ಉಳಿದ ಕಾಲುಗಳು ಎಷ್ಟು ಎಂದು ಕೇಳಿದರೆ ಸುಶೀಲಾಬಾಯಿ ಕೈ ಆಡಿಸಿಬಿಡುತ್ತಾರೆ. ಡಾಕ್ಟರ ಕಡತದಲ್ಲಿ ಮೂವತ್ತೊಂದು ಇವೆ.

ಏನಾದರೂ ಬೇಕೇ ಎಂದರೆ ಒಂದೇ ಆಸೆ. “ಪ್ರತಿ ಶೆಡ್ಡಿನ ಬಾಗಲಾಗ, ಗ್ವಾಡಿ ಬುಡಕ್ಕ, ಒಂದೊಂದು ಕನ್ನಡಿ ಹಾಕಸ್ರಿ. ಮುಖಾ ದಿನಾ ನೋಡ್ಕೋತಾರ. ಅಂಗಾಲೂ ನೋಡ್ಕೊಳ್ಳಲಿ. ನಾ ಎಷ್ಟ ದಿನಾ ಇರಾಕಿ?”

ಸಂಜೆ ಕೊರೋಚಿಯ ಮನೆಯ ಕಟ್ಟೆಯ ಮೇಲೆ ಭೀಮಗೊಂಡ ಕೃತಕ ಕಾಲನ್ನು ಬಿಚ್ಚಿಟ್ಟು, ಬಲಗಾಲನ್ನು ಹೆಂಡತಿಯ ಮುಂದೆ ಚಾಚುತ್ತಾರೆ. “ಊರ ಮಂದಿ ಕಾಲೆಲ್ಲಾ ಮುಗದ ಮ್ಯಾಲೆ ನಮ್ಮ ಪಾಳಿ ನೋಡ್ರಿ,” ಎಂದು ನಗುತ್ತಾರೆ. ಸುಶೀಲಾಬಾಯಿ ಒಂದೊಂದೇ ಬೆರಳು ಬಿಡಿಸಿ ಸಂದಿ ನೋಡುತ್ತಾರೆ. ಹಿಮ್ಮಡಿಗೆ ಮುಲಾಮು ತಿಕ್ಕುತ್ತಾರೆ. ಆಮೇಲೆ ಆ ಪಾದವನ್ನು ಬೆಳಕಿಗೆ ಎತ್ತಿ ಹಿಡಿಯುತ್ತಾರೆ.

“ನೋಡ್ರಿ,” ಎನ್ನುತ್ತಾರೆ. “ಹನ್ನೊಂದು ವರ್ಷ ಆತು. ಒಂದು ಗೆರಿ ಸುದ್ದಾ ಬಿದ್ದಿಲ್ಲ.”