ನನ್ನ ಫೈಲು ಮತ್ತು ಸಾಹೇಬರ ಅಕ್ಕನ ಮಗ

ನಾನು ದತ್ತು ಮಗಳೆಂಬುದು ನಿಮಗೆಲ್ಲ ಗೊತ್ತೇ ಇದೆ ಸ್ನೇಹಿತರೇ. ಹೆತ್ತವಳ ಹೆಸರು ಕೇಳಲು ಇವತ್ತು ಉಡುಪಿಯ ದತ್ತು ಕಚೇರಿಗೆ ನಾಲ್ಕನೇ ಸಲ ಹೋದೆ. ಸಾಹೇಬರು ನನ್ನ ಫೈಲಿನ ಮೇಲೆ ಮೊಣಕೈ ಊರಿಕೊಂಡೇ ಮಾತಾಡಿದರು.

"ಗೋಪ್ಯ ಅಂದರೆ ಗೋಪ್ಯ ಮೇಡಂ. ಇದನ್ನು ನಾನು ಸಹ ತೆರೆಯುವ ಹಾಗಿಲ್ಲ."

ಎದ್ದು ನಿಂತೆ. ಅವರ ದನಿ ತಟ್ಟನೆ ಬೆಣ್ಣೆಯಾಯಿತು.

"ನಿಮಗೆ ಮದುವೆ ಆಯಿತಾ? ನನ್ನ ಅಕ್ಕನ ಮಗ ನಿಟ್ಟೆಯಲ್ಲಿ ಲೆಕ್ಚರರ್. ನಿಮ್ಮದು ಬರಿ ಯಾವುದು?"

ಬರಿಯೆಂದರೆ ನಮ್ಮ ತುಳುವರಲ್ಲಿ ತಾಯಿಯಿಂದ ಬರುವ ಗೋತ್ರ. ಒಂದೇ ಬರಿಯವರು ಒಡಹುಟ್ಟಿದವರಿದ್ದಂತೆ, ಮದುವೆಯಾಗುವಂತಿಲ್ಲ.

"ತಾಯಿ ಯಾರೆಂದೇ ಗೊತ್ತಿಲ್ಲ, ಬರಿ ಎಲ್ಲಿಂದ ತರಲಿ ಸರ್?"

"ಹೌದಲ್ವಾ! ನಿಲ್ಲಿ, ಇದರಲ್ಲಿ ಉಂಟಾ ನೋಡುವ."

ತೆರೆಯಬಾರದ ಫೈಲು ತೆರೆಯಿತು! ನನಗೆ ಕಾಣದಂತೆ ಎದೆಗೊತ್ತಿ ಹಿಡಿದು ಓದಿದರು. ಮುಖ ಹುಳಿಯಾಯಿತು.

"ಛೆ, ನಮ್ಮದೇ ಬರಿ ಮಾರಾಯ್ರೆ. ಆಗುವುದಿಲ್ಲ."

ಫೈಲು ಮುಚ್ಚಿತು, ಮೊಣಕೈ ಮತ್ತೆ ಅದರ ಮೇಲೆ ಬಂದು ಕುಳಿತಿತು.

ತಾಯಿಯನ್ನು ಹುಡುಕಿಕೊಂಡು ಹೋದವಳಿಗೆ ನಮ್ಮ ಪದ್ಧತಿಯಂತೆ ಒಬ್ಬ ಸೋದರಮಾವ ಸಿಕ್ಕಿದ. ತಂಗಿಯ ಹೆಸರು ಹೇಳುವುದಕ್ಕೆ ಮಾತ್ರ ಅವನಿಗೆ ಕಾನೂನು ಅಡ್ಡ ಬರುತ್ತದೆ.