ಹಸಿರು ವೈರು ಮತ್ತು ವೈಂಡಿಂಗ್ ಅಕ್ಕ

ಅವರ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳ ತುದಿ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಮೋಟಾರಿನ ಕಾಯಿಲಿಗೆ ಬಳಿಯುವ ವಾರ್ನಿಶ್ಶು ವರ್ಷಗಟ್ಟಲೆ ಹತ್ತಿ ಹತ್ತಿ ಕೂತದ್ದು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳುಗಳಲ್ಲಿ ಅವರು ಮುದ್ದೆ ಮುರಿಯುವುದನ್ನು ನೋಡಿದ ಹೊಸಬರು, ಈ ಹೆಂಗಸಿಗೆ ಬೀಡಿ ಚಟವಿರಬೇಕು ಎಂದುಕೊಳ್ಳುತ್ತಿದ್ದರಂತೆ. ಚಟವಿದ್ದದ್ದು ನನಗೆ.

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಅವರದು ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಶುರು ಮಾಡಿದ್ದು ಗಂಡ. ಅವರು ತೀರಿಕೊಂಡ ಮೇಲೆ ಇವರೇ ಸುತ್ತತೊಡಗಿದರು. ಸುತ್ತಲಿನ ತೆಂಗಿನ ತೋಟದವರೆಲ್ಲ ಸುಟ್ಟ ಮೋಟಾರು ಹೊತ್ತು ಅಲ್ಲಿಗೇ ಬರುತ್ತಿದ್ದರು. ಎಲ್ಲರಿಗೂ ಅವರು ವೈಂಡಿಂಗ್ ಅಕ್ಕ. ಸುತ್ತು ಎಣಿಸುವಾಗ ಮಾತ್ರ ಯಾರೂ ಮಾತಾಡಿಸಕೂಡದು. ಒಮ್ಮೆ ನಮ್ಮೂರಿನ ಪಂಚಾಯಿತಿ ಮೆಂಬರು ಬಾಗಿಲಲ್ಲಿ ನಿಂತು, "ಅಕ್ಕ, ಆಯ್ತಾ?" ಎಂದುಬಿಟ್ಟರು. ಅಕ್ಕ ಸುತ್ತಿದ್ದನ್ನೆಲ್ಲ ಅವರ ಕಣ್ಣೆದುರೇ ಬಿಚ್ಚಿದರು. "ಈಗ ಮೊದ್ಲಿಂದ ಎಣಿಸ್ತೀನಿ, ಕೂತ್ಕಳಿ." ಮೆಂಬರು ತೆಪ್ಪಗೆ ಕೂತರು.

ನಾನು ತೆಂಗು ಬೆಳೆದು ಕೊಬ್ಬರಿ ಮಾಡುವವನು. ಹತ್ತೊಂಬತ್ತನೇ ವಯಸ್ಸಿಗೆ ಹಚ್ಚಿದ ಸಿಗರೇಟು ನಲವತ್ತಾದರೂ ಆರಿರಲಿಲ್ಲ. ಅಟ್ಟಕ್ಕೆ ಕಾಯಿ ಏರಿಸುವಾಗ ಅರ್ಧ ಏಣಿಯಲ್ಲೇ ಉಸಿರು ಸಿಕ್ಕಿಕೊಳ್ಳತೊಡಗಿತು. ಅರಸೀಕೆರೆಯ ಡಾಕ್ಟರು ಎದೆ ಪರೀಕ್ಷೆ ಮಾಡಿ, ಈಗ ನಿಲ್ಲಿಸದಿದ್ದರೆ ಇನ್ನೆರಡು ವರ್ಷಕ್ಕೆ ಹಾಸಿಗೆ ಹಿಡಿಯುತ್ತೀರಿ ಎಂದು ನೇರವಾಗಿ ಹೇಳಿದರು. ಹೆದರಿಕೆಯಾಯಿತು. ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣನ ಮುಂದೆ ಆಣೆ ಮಾಡಿದೆ. ಕೆಳಗಿಳಿದು ಬಸ್ಸು ಕಾಯುವಷ್ಟರಲ್ಲಿ ಆಣೆ ಮುರಿದೆ. ನನ್ನ ಯೋಗ್ಯತೆ ಅಷ್ಟು.

ಆಗಿನ್ನೂ ನಮ್ಮಲ್ಲಿ ಇ-ಸಿಗರೇಟಿಗೆ ನಿಷೇಧವಿರಲಿಲ್ಲ. ಬ್ಯಾಟರಿಯಿಂದ ಒಂದು ಪುಟ್ಟ ಕಾಯಿಲ್ ಕಾದು, ದ್ರವ ಆವಿಯಾಗುವ ಯಂತ್ರ ಅದು. ಭಾವಮೈದುನ ತಂದುಕೊಟ್ಟದ್ದರ ವೋಲ್ಟೇಜು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಎಳೆದರೆ ಬರೀ ಸೀದ ರುಚಿ. ಬೇಸತ್ತು ಮತ್ತೆ ಸಿಗರೇಟಿಗೇ ಹೋದೆ. ವೋಲ್ಟೇಜನ್ನು ಬೇಕಾದಂತೆ ತಿರುಗಿಸಿಕೊಳ್ಳುವಂಥದ್ದನ್ನು ಮನೆಯಲ್ಲೇ ಮಾಡಬಹುದೆಂದು ಆಮೇಲೆ ಮೊಬೈಲಿನಲ್ಲಿ ನೋಡಿದೆ. ದಿನಕ್ಕಿಷ್ಟು ಇಳಿಸುತ್ತ ಹೋದರೆ ಒಂದು ದಿನ ಬಿಟ್ಟೇ ಹೋದೀತು ಎಂದು ಆಸೆ ಹುಟ್ಟಿತು. ಆದರೆ ಫ್ಯೂಸು ಕಟ್ಟುವುದು ಬಿಟ್ಟರೆ ಕರೆಂಟಿನ ಯಾವ ಕೆಲಸವೂ ನನಗೆ ಬರುತ್ತಿರಲಿಲ್ಲ. ಅಕ್ಕನ ಹತ್ತಿರ ಹೋದೆ.

"ಹೊಗೆ ಬಿಡಕ್ಕೆ ಇನ್ನೊಂದು ಹೊಗೆ ಮಾಡ್ಕಂತೀಯಾ?" ಎಂದರು.

"ಇದು ಹೊಗೆ ಅಲ್ಲಕ್ಕ, ಆವಿ."

"ಆವಿ ಬೇಕಾದ್ರೆ ಇಡ್ಲಿ ಪಾತ್ರೆ ಮುಂದೆ ಕೂತ್ಕ ಹೋಗು."

ಚೆನ್ನಾಗಿ ನಕ್ಕರು. ನಕ್ಕು ಮುಗಿದ ಮೇಲೆ ತಂತಿಯ ಉರುಳೆ ಕೆಳಗಿಟ್ಟು, "ನಮ್ಮನೆಯವ್ರೂ ಬಿಡ್ತೀನಿ ಬಿಡ್ತೀನಿ ಅಂತ್ಲೇ ಹೋದ್ರು ಕಣಪ್ಪ. ನಿಂಗೆ ಇದ್ರಿಂದ್ಲೇ ಆಗೋದಾದ್ರೆ ಆಗ್ಲಿ. ಸಾಮಾನು ತಗಂಬಾ" ಎಂದರು.

ಮೊದಲ ವಾರ ಯಂತ್ರದ ಮಾತೇ ಇಲ್ಲ. ತುಂಡು ತಂತಿಗಳನ್ನು ಬೆಸೆಯುವುದಷ್ಟೇ ಕೆಲಸ. ನಾನು ಬೆಸೆದದ್ದನ್ನು ಅವರು ಇಕ್ಕಳದಲ್ಲಿ ಹಿಡಿದು ಎಳೆಯುತ್ತಿದ್ದರು, ಅದು ಕಿತ್ತು ಬರುತ್ತಿತ್ತು. "ಬೆಸುಗೆ ಹೊಳೀಬೇಕು. ಮಂಕಾಗೈತೆ ಅಂದ್ರೆ ಕಚ್ಚಿಲ್ಲ ಅಂತ" ಎನ್ನುತ್ತಿದ್ದರು. ಎರಡನೇ ವಾರ ವೋಲ್ಟೇಜು ಬದಲಿಸುವ ಚಿಕ್ಕ ಬೋರ್ಡು, ತಿರುಗಿಸುವ ಗುಂಡಿ, ಎರಡು ಲ್ಯಾಪ್‌ಟಾಪ್ ಸೆಲ್ಲು ಕೂರುವ ಗೂಡು, ಎಲ್ಲವನ್ನೂ ಒಂದು ತಗಡಿನ ಡಬ್ಬಿಯೊಳಗೆ ಜೋಡಿಸತೊಡಗಿದೆ.

ಪಂಪ್‌ಸೆಟ್ ಇಟ್ಟುಕೊಂಡವರಿಗೆಲ್ಲ ಒಂದು ಪಾಠ ಬಾಯಿಪಾಠ. ಹಸಿರು ವೈರು ಕಂಡರೆ ಅದು ಅರ್ತ್, ಅದನ್ನು ಮೋಟಾರಿನ ಮೈಗೆ ಬಿಗಿಯಬೇಕು, ಇಲ್ಲದಿದ್ದರೆ ಮುಟ್ಟಿದವನಿಗೆ ಶಾಕು. ಕೊನೆಯ ದಿನ ನನ್ನ ಡಬ್ಬಿಯೊಳಗೆ ಒಂದು ಹಸಿರು ತುದಿ ಸುಮ್ಮನೆ ನಿಂತಿತ್ತು. ಕೆಂಪು ವೈರು ಮುಗಿದಿದ್ದಕ್ಕೆ ನಾಲ್ಕು ದಿನದ ಹಿಂದೆ ಗೂಡಿನ ಪ್ಲಸ್ಸಿಗೆ ನಾನೇ ಬೆಸೆದ ವೈರು ಅದು; ನೆನಪೇ ಇರಲಿಲ್ಲ. ಕೇಳೋಣವೆಂದರೆ ಅಕ್ಕ ಸುತ್ತು ಎಣಿಸುತ್ತಿದ್ದರು. ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಹಸಿರು ತಾನೇ ಎಂದುಕೊಂಡು ಡಬ್ಬಿಯ ಮೈಗೆ ಸ್ಕ್ರೂ ಹಾಕಿ ಬಿಗಿದೆ. ಮೈನಸ್ಸನ್ನು ಮೊದಲೇ ಅದೇ ಮೈಗೆ ಸೇರಿಸಿಯಾಗಿತ್ತು; ಪ್ಲಸ್ಸು, ಮೈನಸ್ಸು ಎರಡೂ ನೇರ ಕೂಡಿಬಿಟ್ಟವು.

ಒಂದು ಸೆಲ್ಲು ಕೂರಿಸಿದೆ. ಇನ್ನೊಂದನ್ನೂ ಹಾಕಿ ಅಲ್ಲೇ ಬಾಯಿಗಿಟ್ಟು ಎಳೆಯುವ ಆತುರ ನನಗೆ.

"ಮೂವತ್ತೇಳು, ಮೂವತ್ತೆಂಟು, ತಡಿ. ಹಾಕ್ಬ್ಯಾಡ" ಎಂದರು ಅಕ್ಕ. "ಬಲ್ಬು ಇಟ್ಟಿಲ್ಲ ನೀನು."

ಎಣಿಕೆಯ ಮಧ್ಯೆ ಅವರು ಬಾಯಿಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ಅಂಗಡಿಯಲ್ಲಿ ಯಾವುದಕ್ಕೂ ಮೊದಲ ಸಲ ನೇರ ಕರೆಂಟು ಕೊಡುತ್ತಿರಲಿಲ್ಲ. ದಾರಿಯಲ್ಲಿ ಒಂದು ಬಲ್ಬು ಸೇರಿಸಿಯೇ ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ವಸ್ತು ಉಳಿಯುತ್ತದೆ. ಅಕ್ಕ ಸ್ಕೂಟರಿನ ಇಂಡಿಕೇಟರ್ ಬಲ್ಬೊಂದನ್ನು ಹುಡುಕಿ ತಂದು, ಎರಡನೇ ಸೆಲ್ಲಿಗೂ ಗೂಡಿಗೂ ಮಧ್ಯೆ ಸೇರಿಸಿದರು. ನಾನು ಸ್ವಿಚ್ಚು ಮುಟ್ಟಿರಲೇ ಇಲ್ಲ. ಬಲ್ಬು ಝಗ್ಗನೆ ಹತ್ತಿಕೊಂಡಿತು.

"ನೋಡ್ದಾ? ಇದು ಇಲ್ದಿದ್ರೆ ಅಷ್ಟೂ ಕರೆಂಟು ಡಬ್ಬೀಲೇ ಹರಿದು ಸೆಲ್ಲು ಸಿಡೀತಿತ್ತು. ಎಲ್ಲಿಟ್ಕಂಡಿರ್ತಿದ್ದೆ ಆಗ?"

"ಬಾಯ್ ಹತ್ರ" ಎಂದೆ. ಅಲ್ಲೇ ನೆಲದ ಮೇಲೆ ಕೂತೆ.

ಹಸಿರು ವೈರು ಅವರ ಕಣ್ಣಿಗೆ ಬಿತ್ತು. "ಯಾಕೆ ನನ್ನ ಕೇಳ್ಲಿಲ್ಲ?"

"ನೀವು ಎಣಿಸ್ತಿದ್ರಿ ಅಕ್ಕ."

ಅವರು ಎರಡನೇ ಸೆಲ್ಲನ್ನು ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, "ಸುತ್ತು ತಪ್ಪಿದ್ರೆ ಮತ್ತೆ ಸುತ್ತಬೋದು ಕಣಪ್ಪ. ಕೇಳ್ಬೇಕಿತ್ತು" ಎಂದರು. ನನಗೊಂದು ಚೊಂಬು ನೀರು ಕೊಟ್ಟು, ತಮ್ಮ ಮೂವತ್ತೆಂಟು ಸುತ್ತನ್ನೂ ಬಿಚ್ಚಿ ಮೊದಲಿಂದ ಶುರು ಮಾಡಿದರು. ಬದುಕಿದೆ ಎಂಬ ಸಮಾಧಾನಕ್ಕೆ ನಾನು ಪೆದ್ದನ ಹಾಗೆ ನಗುತ್ತ ಕೂತಿದ್ದೆ. ಅಕ್ಕ ಬಯ್ಯಲಿಲ್ಲ.

ವೈರು ಸರಿ ಮಾಡಿದ ಮೇಲೆ ಯಂತ್ರ ಕೆಲಸ ಮಾಡಿತು. ಸಿಗರೇಟು ಬಿಟ್ಟೆ. ಗುಂಡಿ ತಿರುಗಿಸಿ ತಿರುಗಿಸಿ ವೋಲ್ಟೇಜು ಇಳಿಸಿದೆ, ದ್ರವದಲ್ಲಿನ ನಿಕೋಟಿನನ್ನೂ ಇಳಿಸಿದೆ. ಒಂದು ವರ್ಷದ ಹೊತ್ತಿಗೆ ಅದೂ ಬೇಡವಾಯಿತು. ಮುಂದೆ ಸರ್ಕಾರ ಇಂಥವನ್ನೆಲ್ಲ ನಿಷೇಧಿಸಿದಾಗ ನನ್ನದು ಬಿಡಿಭಾಗಗಳಾಗಿ ಅಕ್ಕನ ಡ್ರಾಯರು ಸೇರಿ ಎಷ್ಟೋ ಕಾಲವಾಗಿತ್ತು.

ಹೋದ ವರ್ಷ ಅಕ್ಕ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ತಮ್ಮನ ತೋಟದಲ್ಲಿ ಮಣ್ಣು ಮಾಡಿದೆವು. ಎಲ್ಲ ಮುಗಿದ ಮೇಲೆ ಗಂಡಸರು ಬದುವಿನ ಮೇಲೆ ಕೂತು ಬೀಡಿ, ಸಿಗರೇಟು ಹಚ್ಚಿದರು. ನಮ್ಮೂರಿನವರೊಬ್ಬರು ನನ್ನ ಮುಂದೆಯೂ ಪ್ಯಾಕು ಹಿಡಿದರು. ಬೇಡವೆಂದೆ.

"ಅಲ್ಲಾ, ಅಷ್ಟು ಸೇದ್ತಿದ್ದೋನು ಹೆಂಗ್ ಬಿಟ್ಯೋ?" ಎಂದು ಕೇಳಿದರು.

"ಅಕ್ಕ ಬಿಡಿಸಿದ್ರು" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅವರನ್ನು ಮಣ್ಣಿಗಿಟ್ಟ ದಿನವೇ, ಪ್ಯಾಕು ಕಂಡರೂ ಆಸೆ ಹುಟ್ಟಲಿಲ್ಲವೆಂದು ನನಗೆ ಹಗುರವೆನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಅನಿಸಿದ್ದು ನಿಜ. ಎದೆ ತುಂಬ ಉಸಿರೆಳೆದುಕೊಂಡು ಬಹಳ ಹೊತ್ತು ಅತ್ತೆ. ಒಮ್ಮೆಯೂ ಕೆಮ್ಮು ಬರಲಿಲ್ಲ.